ಶಿಖರವೇರದ ಪರ್ವತಯಾತ್ರೆ

ಬಿಡದಿಯಿಂದ ಬಿಡದಿಗೆ ನಡೆದು ಆಲ್ಪ್ಸ್ ದಾಟಿದವರ ಕಥನಗಳಲ್ಲಿ ರೊಡಾಲ್ಫ್ ಟೋಪ್ಫರನ ಫ್ರೆಂಚ್ ಕೃತಿ ‘ಅಂಕುಡೊಂಕಿನ ಪ್ರವಾಸಗಳು’ (1844) ಇಂದಿಗೂ ಓದಿಸಿಕೊಳ್ಳುತ್ತದೆ. ಜಿನೀವಾದ ಈ ಉಪಾಧ್ಯಾಯನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸ್ವಿಟ್ಜರ್ಲೆಂಡಿನಿಂದ ಇಟಲಿಯ ಮಗ್ಗುಲಿಗೆ ನಡೆದವನು. ಶಿಖರವೇರಿದ ಹೆಮ್ಮೆ ಇಲ್ಲಿಲ್ಲ. ಹುಡುಗರ ಹಸಿವು, ಆಯಾಸ, ನಗೆ ಇವೆ. ಕಣ್ಣಿನ ದೋಷದಿಂದ ವರ್ಣಚಿತ್ರಕಾರನಾಗುವ ಆಸೆ ಬಿಟ್ಟವನ ನೋಟ ಎಷ್ಟು ಚುರುಕು! ಎದುರಾದವರು ಒಮ್ಮೊಮ್ಮೆ ಬರಿಯ ವ್ಯಂಗ್ಯಚಿತ್ರಗಳಾಗಿಬಿಡುವುದೂ ಆ ಚುರುಕಿನಿಂದಲೇ.

ಅವನ ಕಾಲದ ಗಡಿಗಳು ಇಂದಿಲ್ಲ. ಮೌಂಟ್ ಬ್ಲಾಂಕನ್ನು ಸುತ್ತುವವರು ಈಗ ದಾಟುವ ಸೇನ್ಯ ಘಟ್ಟದ ಎರಡು ಮಗ್ಗುಲೂ ಆಗ ಒಂದೇ ರಾಜ್ಯ. 1860ರಲ್ಲಿ ಸವಾಯ್ ಫ್ರಾನ್ಸಿಗೆ ಸೇರಿದ ಮೇಲೆ ಅದು ಫ್ರಾನ್ಸ್-ಇಟಲಿಗಳ ಎಲ್ಲೆಯಾಯಿತು. ದಣಿದು ಬರುವವನಿಗೆ ಬಿಡದಿಯ ದೀಪ ಕಂಡಾಗಿನ ಸಂತೋಷ ಮಾತ್ರ ಬದಲಾಗಿಲ್ಲ. ಅದನ್ನು ಹಿಡಿದಿಟ್ಟದ್ದರಿಂದಲೇ ಈ ಕೃತಿ ಹಳತಾಗಿಲ್ಲ.