ಗುಡ್ಡಕ್ಕೂ ಒಂದು ಚರಿತ್ರೆ

ಮಕ್ಕಳ ಪುಸ್ತಕಗಳೆಂದರೆ ಮೊಲ, ನರಿ, ಕೊನೆಗೊಂದು ನೀತಿ ಎಂದು ನಾವು ತಾಯಂದಿರೂ ಟೀಚರುಗಳೂ ಒಪ್ಪಿಕೊಂಡುಬಿಟ್ಟಿದ್ದೇವೆ. 'ಲಾ ಕಾಯೆ ಎಸ್ ಲಿಬ್ರೆ' ಎಂಬ ಸ್ಪ್ಯಾನಿಷ್ ಚಿತ್ರಪುಸ್ತಕ ಆ ಜಾತಿಯದಲ್ಲ. ಬೀದಿಯಲ್ಲಿರಲು ಯಾರ ಅಪ್ಪಣೆಯೂ ಬೇಡ ಎಂಬುದು ಹೆಸರಿನ ಭಾವ. ವೆನಿಜುವೆಲಾ ದೇಶದ ರಾಜಧಾನಿ ಕರಾಕಸ್‌ನ ಎಕಾರೆ ಪ್ರಕಾಶನ ಇದನ್ನು 1981ರಲ್ಲಿ ಹೊರತಂದಿತು. ಬರೆದವರು ಕುರೂಸಾ, ಚಿತ್ರ ಬರೆದವರು ಮೋನಿಕಾ ಡಾಪರ್ಟ್. ನಾನು ಓದಿದ್ದು ಇಂಗ್ಲಿಷ್ ಅನುವಾದವನ್ನು.

ಕರಾಕಸ್‌ನ ಗುಡ್ಡವೊಂದರ ಮೇಲಿನ ಸಾನ್ ಹೊಸೆ ಎಂಬ ಬಡವರ ಬಡಾವಣೆಯ ಮಕ್ಕಳ ಕಥೆ ಇದು. ನಿಜವಾಗಿ ನಡೆದದ್ದನ್ನೇ ಆಧರಿಸಿದ್ದು. ಚೆಯೋ, ಕಾರ್ಲಿತೋಸ್, ಕಮೀಲಾ ಇವರಿಗೆ ಆಡಲು ಜಾಗವಿಲ್ಲ. ಬೀದಿಯಲ್ಲಿ ಆಡಿದರೆ ಎಲ್ಲರಿಂದಲೂ ಬೈಗುಳ. ಆದರೆ ಲೇಖಕಿ ಕಥೆಯನ್ನು ಅಲ್ಲಿಂದ ಶುರು ಮಾಡುವುದಿಲ್ಲ. ಈ ಮಕ್ಕಳ ಅಜ್ಜ ಹುಡುಗನಾಗಿದ್ದ ಕಾಲಕ್ಕೆ ಹೋಗುತ್ತಾರೆ. ಆಗ ಗುಡ್ಡದಲ್ಲಿ ಪೂಮಾ, ಅಂದರೆ ಬೆಟ್ಟದ ಸಿಂಹ, ಓಡಾಡುತ್ತಿತ್ತು. ಇದ್ದದ್ದು ಒಂದೇ ಮಣ್ಣಿನ ಮನೆ. ನೀರು ತರಲು ಹೋದವರಿಗೆ ಅದರ ಹೆಜ್ಜೆಗುರುತು ಕಾಣುತ್ತಿತ್ತು. ತೊರೆಯಲ್ಲಿ ಮೀನು. ಪುಟ ಮಗುಚಿದಂತೆ ಮನೆಯ ಪಕ್ಕ ಮನೆ, ಮನೆಯ ಮೇಲೆ ಮನೆ; ತೊರೆ ಚರಂಡಿಯಾಗುತ್ತದೆ. ಇಷ್ಟೇ ಪುಟಗಳಲ್ಲಿ ಒಂದು ಊರಿನ ಚರಿತ್ರೆ! ನಮ್ಮ ಸಮಾಜ ಪಾಠದಲ್ಲಿ ಅರಸರ ಇಸವಿಗಳನ್ನು ಗಟ್ಟಿ ಮಾಡಿಸಿದವಳು ನಾನು, ತಮ್ಮ ಕೇರಿಯ ಹಳೆಯ ಬಾವಿ ಎಲ್ಲಿತ್ತೆಂದು ಯಾವ ಪಾಠವೂ ಮಕ್ಕಳನ್ನು ಕೇಳಲಿಲ್ಲ.

ಈ ಆರಂಭವಿಲ್ಲದಿದ್ದರೆ ಆಟದ ಮೈದಾನ ಕೇಳುವುದು ಮಕ್ಕಳ ಹಟವಾಗಿ ಕಾಣುತ್ತಿತ್ತು. ಅಜ್ಜನಿಗೆ ಇಡೀ ಗುಡ್ಡವೇ ಇತ್ತೆಂದು ತಿಳಿದ ಮೇಲೆ, ಮೊಮ್ಮಕ್ಕಳು ಕೇಳುತ್ತಿರುವುದು ಕಳೆದುಹೋದದ್ದರಲ್ಲಿ ಒಂದು ಚೂರು ಮಾತ್ರ ಎನ್ನಿಸುತ್ತದೆ.

ಮುಂದಿನದು ಚುರುಕಾಗಿ ಸಾಗುತ್ತದೆ. ಗ್ರಂಥಾಲಯದವರ ನೆರವಿನಿಂದ ಮಕ್ಕಳು ತಮ್ಮ ಬೇಡಿಕೆಯನ್ನು ಬರೆದುಕೊಂಡು ನಗರಸಭೆಗೆ ಹೋಗುತ್ತಾರೆ. ಕಾವಲಿನವರು ತಡೆಯುತ್ತಾರೆ, ಪೊಲೀಸರು ಬರುತ್ತಾರೆ. ಆಗ ಬರುತ್ತಾರೆ ನೋಡಿ, ತಾಯಂದಿರು! ಆ ಚಿತ್ರದ ಮೇಲೆ ನಾನು ಬಹಳ ಹೊತ್ತು ಕೂತಿದ್ದೆ. ಮನೆಗೆಲಸ ಬಿಟ್ಟು ಬಂದವರ ಆ ಮುಖಗಳು ಯಾವ ಊರಿನಲ್ಲೂ ನಾವು ಕಂಡ ಮುಖಗಳೇ. ಆಮೇಲೆ ಅಧಿಕಾರಿಗಳ ಭರವಸೆ, ಖಾಲಿ ಜಾಗದಲ್ಲಿ ಒಂದು ಫಲಕ, ಸಮಾರಂಭ. ಅಷ್ಟೇ. ಕೊನೆಗೆ ಬಡಾವಣೆಯವರೇ ಹಲಗೆ, ಮೊಳೆ ಕೂಡಿಸಿ ಮಕ್ಕಳಿಗೆ ಜಾಗ ಮಾಡಿಕೊಡುತ್ತಾರೆ.

ಎರಡು ಕಡೆ ನನಗೆ ತಕರಾರಿದೆ. ಜನ ಗುಡ್ಡಕ್ಕೆ ಏಕೆ ಬಂದರೆಂದು ಪುಸ್ತಕ ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪೆಟ್ರೋಲಿನ ಹಣ ಆ ದೇಶದ ಹಳ್ಳಿಗರನ್ನು ಹೇಗೆ ಪಟ್ಟಣಕ್ಕೆ ಎಳೆಯಿತೆಂದು ಒಂದು ಸಾಲು ಬರೆದಿದ್ದರೆ ಮಕ್ಕಳಿಗೇನೂ ಭಾರವಾಗುತ್ತಿರಲಿಲ್ಲ. ಇನ್ನೊಂದು, ಜನ ತಾವೇ ಕೈಹಾಕಿದ ಸಂತೋಷದಲ್ಲಿ ನಗರಸಭೆ ಹಾಯಾಗಿ ಪಾರಾಗಿಬಿಡುತ್ತದೆ. ಕಟ್ಟಿದ್ದು ಒಳ್ಳೆಯದೇ. ಆದರೆ ಆ ಫಲಕ ನೆಟ್ಟವರನ್ನು ಕಮೀಲಾ ಇನ್ನೊಂದು ಸಲ ಹೋಗಿ ಕೇಳಬೇಕಿತ್ತು.