ತಂತಿ ಎಲ್ಲಿ ಹೋಯ್ತು?

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ತಾಳಬೆಟ್ಟ ದಾಟಿದ ಮೇಲೆ ತಿರುವು ತಿರುವಿಗೂ ಕೋತಿಗಳು ಕೂತಿರುತ್ತವೆ. ಅವುಗಳ ಒಂದು ಫೋಟೊವನ್ನೂ ನಾನು ಗೋಡೆಗೆ ಹಾಕಿಲ್ಲ. ಹಾಕಿರುವುದು ಮೈಸೂರಿನ ಮೃಗಾಲಯದಲ್ಲಿ ತೆಗೆದ ಸಿಂಗಳೀಕದ್ದು. ಬಾಲ ಬಿಟ್ಟರೆ ಎರಡಡಿ ಮೀರದ ಪ್ರಾಣಿ. ಕಪ್ಪು ಮುಖ, ಸುತ್ತ ಬೂದು ಕೇಸರ, ಹಿಂದೆ ಹಸಿರು. ಎಲ್ಲೂ ತಂತಿ ಇಲ್ಲ.

ಪಕ್ಕದ ಮನೆಯ ಹುಡುಗ ನೋಡಿ, “ಅಣ್ಣ, ಇದು ಯಾವ ಕಾಡಲ್ಲಿ ತಗ್ದದ್ದು?” ಅಂದ. “ಪಶ್ಚಿಮ ಘಟ್ಟದ ಪ್ರಾಣಿ ಕಣೋ” ಎಂದೆ. ಸುಳ್ಳಲ್ಲ, ಸಿಂಗಳೀಕ ಆ ಕಾಡುಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸ್ವತಂತ್ರವಾಗಿಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ.

ಜಾಲರಿಯನ್ನು ಮಾಯ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಉದ್ದದ ಲೆನ್ಸ್ ಹಾಕಿ, ಕಟಕಟೆ ದಾಟದೆ ಆದಷ್ಟು ಹತ್ತಿರ ನಿಂತು, ಅಪರ್ಚರ್ ಪೂರ್ತಿ ತೆರೆದು, ಪ್ರಾಣಿ ಜಾಲರಿಯಿಂದ ಹಿಂದೆ ಸರಿಯುವವರೆಗೆ ಕಾಯಬೇಕು. ಆಗ ಎದುರಿನ ತಂತಿ ಫೋಕಸ್ ತಪ್ಪಿ ಕರಗಿಹೋಗುತ್ತದೆ. ತಂತಿಯ ಮೇಲೆ ಬಿಸಿಲಿದ್ದರೆ ಮಾತ್ರ ಹಾಲು ಚೆಲ್ಲಿದಂಥ ಮಸುಕು ಉಳಿಯುತ್ತದೆ. ನೆರಳಿನ ಜಾಗ ಹುಡುಕಬೇಕು. ಕಪ್ಪು ಮೈಯನ್ನು ಬೂದು ಮಾಡುವುದು ಕ್ಯಾಮೆರಾದ ಚಾಳಿ, ಎಕ್ಸ್‌ಪೋಷರ್ ತುಸು ಇಳಿಸಬೇಕು. ಇಷ್ಟು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ಸಿಂಗಳೀಕ ಹಿಂದೆ ಸರಿಯಲಿ ಎಂದೇ ಕಾದಿದ್ದೇನೆ. ಅದು ಮುಂದೆ ಬಂದು ಜಾಲರಿ ಹಿಡಿದಾಗಲೆಲ್ಲ ಕ್ಯಾಮೆರಾ ಇಳಿಸಿದ್ದೇನೆ.

2009ರ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದ ಇಯರ್’ ಪ್ರಶಸ್ತಿ ಗೇಟು ಹಾರುವ ತೋಳವೊಂದರ ಚಿತ್ರಕ್ಕೆ ಬಂದಿತ್ತು. ತೋಳ ಸಾಕಿದ್ದಿರಬೇಕು ಎಂದು ತೀರ್ಪುಗಾರರು ಪ್ರಶಸ್ತಿ ಹಿಂತೆಗೆದುಕೊಂಡರು, ಛಾಯಾಗ್ರಾಹಕ ಒಪ್ಪಲಿಲ್ಲ. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ, ಆದರೂ ನಾವು ಅದನ್ನು ಮೊದಲಿನಂತೆ ನೋಡಲಾರೆವು. ನನ್ನ ಸಿಂಗಳೀಕಕ್ಕೆ ಯಾರೂ ಪ್ರಶಸ್ತಿ ಕೊಟ್ಟಿಲ್ಲವಾದ್ದರಿಂದ ಕಿತ್ತುಕೊಳ್ಳುವವರೂ ಇಲ್ಲ.

ಗ್ಯಾರಿ ವಿನೋಗ್ರ್ಯಾಂಡ್ ನನಗಿಂತ ತದ್ವಿರುದ್ಧ. ನ್ಯೂಯಾರ್ಕಿನ ಮೃಗಾಲಯದಲ್ಲಿ ಅಲೆದಾಡಿ ತೆಗೆದ ಅವರ ಚಿತ್ರಗಳು 1969ರಲ್ಲಿ ‘ದಿ ಅನಿಮಲ್ಸ್’ ಪುಸ್ತಕವಾದವು. ಅಲ್ಲಿ ಕಂಬಿ, ಗೋಡೆ, ನೋಡಲು ಬಂದ ಜನ ಎಲ್ಲವೂ ಉಂಟು. ಮೊದಲು ನೋಡಿದಾಗ ಅವಸರದ ಚಿತ್ರಗಳು ಅನ್ನಿಸಿದ್ದವು. ಈಗ ಅವುಗಳ ಪ್ರಾಮಾಣಿಕತೆ ಕಾಣುತ್ತದೆ. ಹಾಗೆಂದು ಪೂರ್ತಿ ಒಪ್ಪಲೂ ಆಗುತ್ತಿಲ್ಲ. ಆ ಚಿತ್ರಗಳಲ್ಲಿ ಪ್ರಾಣಿ ಅನೇಕ ಸಲ ಮನುಷ್ಯರನ್ನು ಗೇಲಿ ಮಾಡಲು ಸಿಕ್ಕ ನೆಪ. ನಾನು ಅದಕ್ಕೆ ಕಾಡನ್ನು ಸುಳ್ಳಾಗಿ ಕೊಟ್ಟೆ, ಅವರು ಅದನ್ನು ವ್ಯಂಗ್ಯಕ್ಕೆ ಬಳಸಿದರು.

ಹೋದ ತಿಂಗಳು ಮತ್ತೆ ಮೈಸೂರಿಗೆ ಹೋಗಿ, ಜಾಲರಿಯ ಮೇಲೆಯೇ ಫೋಕಸ್ ಇಟ್ಟೆ. ತಂತಿಯನ್ನು ಸುತ್ತಿದ ನಾಲ್ಕು ಕಪ್ಪು ಬೆರಳು, ಉಗುರಿನ ಸಂದಿಯ ಮಣ್ಣು, ಎಲ್ಲ ಸ್ಪಷ್ಟ, ಮುಖ ಮಂಜು. ಚೆಂದದ ಚಿತ್ರವಲ್ಲ. ಅದನ್ನಿನ್ನೂ ಗೋಡೆಗೆ ಹಾಕಿಲ್ಲ, ಮೇಜಿನ ಮೇಲಿದೆ. ಹಳೆಯದರ ಕೆಳಗೆ ಪೆನ್ಸಿಲಿನಲ್ಲಿ ‘ಮೈಸೂರು ಮೃಗಾಲಯ’ ಎಂದು ಬರೆದೆ.

ಹುಡುಗ ಮೊನ್ನೆ ಬಂದವನು ಓದಿದ. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹುಡುಕಿದ. “ಹಂಗಾದ್ರೆ ತಂತಿ ಎಲ್ಲಿ ಹೋಯ್ತಣ್ಣ?”

ಮೇಜಿನ ಮೇಲಿದ್ದುದನ್ನು ಅವನ ಕೈಗೆ ಕೊಟ್ಟೆ.