ಔಷಧದಾನದ ಲೆಕ್ಕ: ವೈದ್ಯವಿಜ್ಞಾನಿಗಳ ಜೀವನಚರಿತ್ರೆಗಳನ್ನು ಕುರಿತು

ಹೊಯ್ಸಳರ ಕಾಲದ ಜೈನಶಾಸನಗಳು ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೇ ಹೇಳುತ್ತವೆ. 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಬೊಪ್ಪದೇವನ ಕಾಲಕ್ಕೂ, 1220ರಲ್ಲಿ ಅರಸೀಕೆರೆಯ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ರೇಚರಸನ ಕಾಲಕ್ಕೂ ಶ್ರಾವಕನ ಬಾಳನ್ನು ಅಳೆಯುವ ಅಳತೆಗೋಲು ಇದೇ ಆಗಿತ್ತು. ವೈದ್ಯವಿಜ್ಞಾನಿಯ ಬಾಳನ್ನು ಅಳೆಯಲು ಇದಕ್ಕಿಂತ ಉತ್ತಮವಾದುದು ಬೇಕಿಲ್ಲ. ಆದರೆ ನಮ್ಮ ಮಕ್ಕಳ ಕೈಗೆ ಬರುವ ವಿಜ್ಞಾನಿಗಳ ಜೀವನಚರಿತ್ರೆಗಳಲ್ಲಿ ಹೆಚ್ಚಿನವು ಈ ಅಳತೆಯನ್ನು ಮರೆತಿವೆ. ಹುಟ್ಟಿದ ಊರು, ಪಡೆದ ಪದವಿ, ವಿದೇಶದ ವಿಶ್ವವಿದ್ಯಾಲಯ, ಕೊನೆಗೆ ಪ್ರಶಸ್ತಿಗಳ ಪಟ್ಟಿ. ಇಷ್ಟಕ್ಕೆ ಬರಹ ಮುಗಿಯುತ್ತದೆ. ಜಮಾ ಮಾತ್ರ ಬರೆದು ಖರ್ಚಿನ ಪುಟವನ್ನು ಖಾಲಿ ಬಿಟ್ಟ ಖಾತೆಪುಸ್ತಕವನ್ನು ಯಾವ ವರ್ತಕನೂ ಒಪ್ಪಲಾರನು.

ನಮ್ಮ ನಾಡಿನದೇ ಒಂದು ನಿದರ್ಶನವನ್ನು ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಣ ಹಳ್ಳಿಗರು ಜ್ವರದಿಂದ ಮಲಗಿದರು. 1952ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರು ಬಂದರು. ಮಂಗಗಳು ಸಾಯುತ್ತಿದ್ದುದರಿಂದ ಹಳದಿ ಜ್ವರವಿರಬಹುದೆಂಬ ಶಂಕೆ ಮೊದಲು ಹುಟ್ಟಿತು. ಪರೀಕ್ಷಿಸಿದಾಗ ಅದು ಅದುವರೆಗೆ ಗೊತ್ತಿಲ್ಲದ ವೈರಾಣುವೆಂದೂ, ಹರಡುವುದು ಕಾಡಿನ ಉಣುಗಿನಿಂದೆಂದೂ ತಿಳಿಯಿತು. ರಷ್ಯಾದ ಒಂದು ವೈರಾಣುವಿಗೆ ಇದು ಹತ್ತಿರದ್ದಾಗಿದ್ದುದರಿಂದ ವಲಸೆಹಕ್ಕಿಗಳು ತಂದಿರಬಹುದೇ ಎಂಬ ಪ್ರಶ್ನೆಯೆದ್ದಿತು. ಸಲೀಂ ಅಲಿಯವರ ಹಕ್ಕಿಗಳ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತುದಕ್ಕೆ ಈ ಪ್ರಶ್ನೆಯೂ ಒಂದು ಕಾರಣ.

ಇದು ಜಮೆಯ ಪುಟ. ಇನ್ನು ಖರ್ಚಿನ ಪುಟ. ವೈರಾಣುವನ್ನು ಬೇರ್ಪಡಿಸಲು ಇಲಿಮರಿಗಳ ಪ್ರಾಣ ಹೋಯಿತು. ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿತು. ಪಿ. ಕೆ. ರಾಜಗೋಪಾಲನ್ ಅವರಂತಹ ಕೀಟಶಾಸ್ತ್ರಜ್ಞರು ವರ್ಷಗಟ್ಟಲೆ ಸಾಗರದ ಸುತ್ತಣ ಕಾಡುಗಳಲ್ಲಿ ದುಡಿದರು. ಕಾಡಿನ ನೆಲದ ಮೇಲೆ ಬಟ್ಟೆಯನ್ನೆಳೆದು ಉಣುಗುಗಳನ್ನು ಸಂಗ್ರಹಿಸಿದ ಸಹಾಯಕರ ಹೆಸರುಗಳು ಯಾವ ಪ್ರಶಸ್ತಿಪತ್ರದಲ್ಲಿಯೂ ಇಲ್ಲ. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ವೈರಾಣುವನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ ಲಸಿಕೆಯನ್ನು ಸುಮಾರು ಮೂರು ದಶಕಗಳ ಕಾಲ ಮಲೆನಾಡಿನ ಜನರಿಗೆ ಹಾಕಲಾಯಿತು. ಅದರ ಸಾಮರ್ಥ್ಯ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಕಾಡು ಕಡಿದು ದನಗಳನ್ನು ಒಳಗೆ ಮೇಯಲು ಬಿಟ್ಟುದರಿಂದ ಉಣುಗು ಹೆಚ್ಚಿತೆಂದು ಹೋರ್ಹೆ ಬೋಶೆಲ್ 1969ರಲ್ಲಿಯೇ ಬರೆದಿದ್ದರು. ಹೀಗಿದ್ದೂ ಜನರ ಬಾಯಲ್ಲಿ ಇದು ‘ಮಂಗನ ಕಾಯಿಲೆ’. ಮೊದಲು ಸತ್ತ ಪ್ರಾಣಿಯ ತಲೆಗೇ ಅಪರಾಧವನ್ನು ಕಟ್ಟಿದ್ದೇವೆ.

ಇಲ್ಲಿ ಶ್ರಾವಕನಿಗೆ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕೆಂದು ಹಿರಿಯರು ವಿಧಿಸಿದ್ದಾರೆ. ಪ್ರಯೋಗಕ್ಕೆಂದೇ ಪ್ರಾಣಿಯನ್ನು ಕೊಲ್ಲುವುದನ್ನು ಉದ್ಯೋಗೀ ಹಿಂಸೆಯೆಂದು ಕರೆದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಆದರೆ ಗೊತ್ತಿದ್ದೂ ಮಾಡುವ ಕೊಲೆ ಅದು. ಹಾಗಾದರೆ ನಮ್ಮ ಮಕ್ಕಳು ಈ ಕ್ಷೇತ್ರಕ್ಕೆ ಹೋಗಲೇಬಾರದೆಂದು ಕೆಲವರು ವಾದಿಸುತ್ತಾರೆ. ಈ ವಾದವೂ ಪ್ರಾಮಾಣಿಕವಲ್ಲ. ಲಸಿಕೆಯನ್ನು ನಾವು ಹಾಕಿಸಿಕೊಂಡು, ಅದರ ಪಾಪವನ್ನು ಬೇರೆಯವರ ಖಾತೆಗೆ ಬರೆಯುವುದು ಅಹಿಂಸೆಯಾಗಲಾರದು.

ಉಗ್ರಾದಿತ್ಯಾಚಾರ್ಯರು ಮೂರನೆಯ ದಾರಿಯೊಂದನ್ನು ತೋರಿಸಿದ್ದಾರೆ. ನೃಪತುಂಗನ ಸಭೆಯಲ್ಲಿ ಔಷಧಕ್ಕೆ ಮಾಂಸ ಬೇಕಿಲ್ಲವೆಂದು ವಾದಿಸಿ ಅದನ್ನು ‘ಕಲ್ಯಾಣಕಾರಕ’ದಲ್ಲಿ ಸೇರಿಸಿದ ಆ ಮುನಿಗಳು ವೈದ್ಯವನ್ನು ತೊರೆಯಲಿಲ್ಲ, ಅದರೊಳಗೆ ನಿಂತೇ ಅದನ್ನು ಶುದ್ಧಗೊಳಿಸಲು ಯತ್ನಿಸಿದರು. ಇಂದು ಆ ದಾರಿ ಹಿಂದಿಗಿಂತ ವಿಶಾಲವಾಗಿದೆ. ರಸೆಲ್ ಮತ್ತು ಬರ್ಚ್ 1959ರಲ್ಲಿಯೇ ಮೂರು ಸೂತ್ರಗಳನ್ನು ಕೊಟ್ಟರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ, ಸಾಧ್ಯವಾಗದಲ್ಲಿ ಸಂಖ್ಯೆ ಕಡಿಮೆ, ಬಳಸಿದಲ್ಲಿ ನೋವು ಕಡಿಮೆ. ಭಾರತದ ಔಷಧ ಪರೀಕ್ಷಾ ನಿಯಮಗಳಿಗೆ 2023ರಲ್ಲಿ ಆದ ತಿದ್ದುಪಡಿಯು ಮಾನವ ಜೀವಕೋಶಗಳನ್ನೂ ಗಣಕಯಂತ್ರವನ್ನೂ ಆಧರಿಸಿದ ಪರೀಕ್ಷೆಗಳಿಗೆ ಅವಕಾಶವಿತ್ತಿದೆ.

ಆದುದರಿಂದ ವಿಜ್ಞಾನಿಯ ಜೀವನಚರಿತ್ರೆಯನ್ನು ಬರೆಯುವವರೂ ಓದುವವರೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಇವರ ಔಷಧ ಕಾಡಿನಂಚಿನ ಕೂಲಿಯವನನ್ನು ಮುಟ್ಟಿತೇ? ಅದಕ್ಕಾಗಿ ತೆತ್ತ ಪ್ರಾಣಗಳೆಷ್ಟು, ಅವನ್ನು ಕಡಿಮೆ ಮಾಡಲು ಇವರು ಶ್ರಮಿಸಿದರೇ? ಜೊತೆಗೆ ದುಡಿದವರ ಹೆಸರನ್ನು ಹೇಳಿದರೇ? ಔಷಧದಾನ, ಅಭಯದಾನ, ಶಾಸ್ತ್ರದಾನಗಳ ಪರೀಕ್ಷೆ ಈ ಮೂರರಲ್ಲಿಯೂ ಅಡಗಿದೆ.

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಬಸದಿಗಳ ವಿಶ್ವಸ್ತರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನ ಕೊಡುವಾಗ ಅಂಕಪಟ್ಟಿಯೊಂದನ್ನೇ ನೋಡದೆ, ಪ್ರಾಣಿಹಿಂಸೆಯಿಲ್ಲದ ಸಂಶೋಧನಾ ವಿಧಾನಗಳನ್ನು ಕಲಿಯಲು ಹೊರಟ ಒಬ್ಬ ವಿದ್ಯಾರ್ಥಿಗಾದರೂ ಪ್ರತಿವರ್ಷ ಆಸರೆಯಾಗಬೇಕು. ಆ ವೆಚ್ಚವನ್ನು ಭೈಷಜ್ಯ, ಅಭಯ, ಶಾಸ್ತ್ರ ಈ ಮೂರು ದಾನಗಳ ಖಾತೆಗೂ ಧೈರ್ಯವಾಗಿ ಬರೆಯಬಹುದು.